ಮುಚ್ಚಿಕೊಳ್ಳದ ಬಾಗಿಲು

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಒಂದು ಟಿಂಕರ್ ಶೆಡ್ಡು. ನನ್ನ ಕಾಂಟೆಸಾ ಕಾರಿನ ಹಿಂದಿನ ಬಲಮೂಲೆಗೆ ಜಾಕಿ ಕೊಟ್ಟು, ಚಕ್ರ ನೆಲ ಬಿಡುವಷ್ಟು ಎತ್ತಿದ್ದರು. ಟಿಂಕರ್ ಅಣ್ಣ ಡ್ರೈವರ್ ಕಡೆಯ ಬಾಗಿಲು ತೆಗೆದು, "ಈಗ ಮುಚ್ಚಿ ನೋಡಿ ಸಾ" ಅಂದರು. ಮುಚ್ಚಿದೆ. ಬಾಗಿಲು ಲಾಕಿನ ಹತ್ತಿರ ತಾಗಿ ವಾಪಸ್ ಬಂತು. ಜೋರಾಗಿ ಎಳೆದೆ, ಮತ್ತೆ ಬಂತು. ಅವರು ಜಾಕಿ ಇಳಿಸಿದರು. ಅದೇ ಬಾಗಿಲು ಒಂದು ಬೆರಳಿನ ಒತ್ತಿಗೆ ಕ್ಲಿಕ್ ಎಂದು ಕೂತಿತು.

"ಇನ್ನು ಶಾಕ್ ಅಬ್ಸಾರ್ಬರ್‌ಗೆ ದುಡ್ಡು ಹಾಕ್ಬೇಡಿ. ಬಾಡಿನೇ ತಿರುಚ್ಕೊತಾ ಅದ."

ಎಂಟು ತಿಂಗಳಿಂದ ಊರೂರು ಗ್ಯಾರೇಜು ಅಲೆದು ಹುಡುಕುತ್ತಿದ್ದ ಕಾಯಿಲೆ ಹೀಗೆ ಐದು ನಿಮಿಷದಲ್ಲಿ ಸಿಕ್ಕಿತು. ಹುಡುಕಿ ಕೊಟ್ಟವರು ಎಂಜಿನ್ ಬಿಚ್ಚುವ ಮೆಕ್ಯಾನಿಕ್ ಅಲ್ಲ, ತಗಡು ತಟ್ಟುವವರು. ಅದನ್ನು ನಾನು ಇಲ್ಲಿ ಗಟ್ಟಿಯಾಗಿ ಹೇಳಲೇಬೇಕು.

ಕಾಂಟೆಸಾ ನೋಡಿದವರಿಗೆ ಅದರ ಮೇಲಿನ ಆಸೆ ವಿವರಿಸಬೇಕಾಗಿಲ್ಲ. ಹಿಂದೂಸ್ತಾನ್ ಮೋಟರ್ಸ್ 1984ರಿಂದ 2002ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಿದ ಕಾರು ಅದು. ಮೂಲ ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್. ಉದ್ದನೆಯ ಮೂತಿ, ಹಿಂದಿನ ಚಕ್ರಕ್ಕೆ ಎಳೆತ, ಆಮೇಲಿನ ಮಾದರಿಗಳಲ್ಲಿ ಇಸುಜು ಎಂಜಿನ್ನು. ನನ್ನದು ಕೆಎ-10, ಅಂದರೆ ಚಾಮರಾಜನಗರದ್ದೇ ನೋಂದಣಿ. ಕೊಂಡ ವರ್ಷವೇ ಅದನ್ನು ತಗ್ಗಿಸಬೇಕು ಅನ್ನಿಸಿತು. ದೊಡ್ಡ ಊರಿನ ಒಂದು ಅಂಗಡಿಯಲ್ಲಿ ಸ್ಪ್ರಿಂಗುಗಳನ್ನು ಒಂದೂವರೆ ಸುತ್ತು ಕತ್ತರಿಸಿ ಕೊಟ್ಟರು. ಕಾರು ಚಂದ ಕೂತಿತು. ತಿರುವಿನಲ್ಲಿ ಮೊದಲಿನಷ್ಟು ವಾಲುತ್ತಿರಲಿಲ್ಲ.

ಆಮೇಲೆ ಸದ್ದು ಶುರುವಾಯಿತು. ಹಿಂದಿನ ಕಿಟಕಿಯ ಮೂಲೆಯಿಂದ ಕಿರ್ರ್ ಎಂಬ ಸಣ್ಣ ಸದ್ದು. ಸ್ಟೀರಿಂಗ್ ತಿರುಗಿಸಿದ ಮೇಲೆ ಕಾರು ಅರೆಕ್ಷಣ ಯೋಚಿಸಿ ತಿರುಗಿದಂತೆ. ಬುಷ್ ಬದಲಿಸಿದೆವು, ಅಲೈನ್‌ಮೆಂಟ್ ಮೂರು ಸಲ ಮಾಡಿಸಿದೆ, ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದೆ. ಪ್ರತಿ ಸಲವೂ ಒಂದು ವಾರ ವಾಸಿಯಾದ ಹಾಗೆ ಕಾಣುತ್ತಿತ್ತು. ಕೊನೆಗೆ ಚಾವಣಿ ಮತ್ತು ಹಿಂದಿನ ಕಂಬ ಸೇರುವ ಜಾಗದಲ್ಲಿ ಪೇಂಟು ಕೂದಲೆಳೆಯಷ್ಟು ಬಿರುಕು ಬಿಟ್ಟಿತು.

ಒಂದು ವಿಚಿತ್ರ ಮಾತ್ರ ಗಮನಕ್ಕೆ ಬಂದಿತ್ತು. ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಬರುವಾಗ ಸದ್ದು ಕಡಿಮೆ. ಗುಂಡ್ಲುಪೇಟೆ ದಾಟಿ, ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ಕಳೆದು ಬಂಡೀಪುರದ ಕಾಡು ಹೊಕ್ಕರೆ ಸದ್ದು ಜಾಸ್ತಿ. ವೇಗ ಜಾಸ್ತಿಯಾದದ್ದಕ್ಕೆ ಅಂದುಕೊಳ್ಳುವಂತಿಲ್ಲ, ಕಾಡಿನೊಳಗೆ ಎಲ್ಲರೂ ನಿಧಾನವಾಗಿಯೇ ಹೋಗಬೇಕು. ಜಿಂಕೆ, ಆನೆ ಅಡ್ಡ ಬರುವ ದಾರಿ ಅದು. 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನಗಳಿಗೆ ತಡೆ ಇರುವುದೂ ಅವುಗಳಿಗಾಗಿಯೇ. ನಿಧಾನ ಹೋದರೆ ಸದ್ದು ಹೆಚ್ಚಾಗುವ ಕಾರು ಎಲ್ಲಾದರೂ ಉಂಟೇ? ಮೆಕ್ಯಾನಿಕ್‌ಗಳಿಗೆ ಇದನ್ನು ಹೇಳಿದಾಗ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಟಿಂಕರ್ ಅಣ್ಣ ಮಾತ್ರ ತಟ್ಟುತ್ತಿದ್ದ ಸುತ್ತಿಗೆ ಕೆಳಗಿಟ್ಟು ಕೇಳಿದರು:

"ಕಾಡಲ್ಲಿ ಹಂಪ್ಸ್ ಅದಲ್ಲ, ಅದನ್ನ ಹೆಂಗೆ ಹತ್ತಿಸ್ತೀರಿ?"

"ಓರೆಯಾಗಿ. ನೇರ ಹತ್ತಿಸಿದರೆ ಹೊಟ್ಟೆ ಉಜ್ಜುತ್ತದೆ."

ಆಗಲೇ ಅವರು ಜಾಕಿ ತರಿಸಿದ್ದು.

ತಗ್ಗಿಸಿದ ಕಾರು ಓಡಿಸುವ ಎಲ್ಲರೂ ಮಾಡುವುದು ಇದನ್ನೇ. ಹಂಪ್ಸ್ ಕಂಡರೆ ಕಾರನ್ನು ಓರೆ ಮಾಡಿ ಒಂದೊಂದೇ ಚಕ್ರ ಹತ್ತಿಸುತ್ತೇವೆ. ಮುಂದಿನ ಎಡಚಕ್ರ ಮೇಲೆ ಹೋದಾಗ ಉಳಿದ ಮೂರು ಕೆಳಗೆ. ಮುಂಭಾಗ ಒಂದು ಕಡೆಗೆ, ಹಿಂಭಾಗ ಇನ್ನೊಂದು ಕಡೆಗೆ ತಿರುಗಲು ನೋಡುತ್ತವೆ. ಒದ್ದೆ ಬಟ್ಟೆ ಹಿಂಡುವಾಗ ಎರಡು ಕೈ ಮಾಡುವ ಕೆಲಸವೇ ಇದು. ನೇರ ರಸ್ತೆಯಲ್ಲಿ ವೇಗವಾಗಿ ಹೋದಾಗ ಈ ಹಿಂಡುವಿಕೆ ಕಡಿಮೆ. ಕಾಡಿನ ಪ್ರತಿ ಹಂಪ್ಸಿನಲ್ಲೂ, ಅದೂ ನಿಧಾನವಾಗಿ ಹೋಗುವಾಗ, ನನ್ನ ಕಾರು ಪೂರ್ತಿ ಹಿಂಡಿಸಿಕೊಳ್ಳುತ್ತಿತ್ತು.

ಅವರು ಒಂದು ತುಂಡು ಸೀಮೆಸುಣ್ಣ ತೆಗೆದುಕೊಂಡರು. ಕಾರು ನಾಲ್ಕೂ ಚಕ್ರದ ಮೇಲೆ ನಿಂತಿರುವಾಗ ಬಾಗಿಲಿನ ಅಂಚಿನಿಂದ ಹಿಂದಿನ ಕಂಬದ ಮೇಲೆ ಅಡ್ಡಲಾಗಿ ಒಂದು ಗೀಟು ಎಳೆದರು. ಬಾಗಿಲು ಮುಚ್ಚಿಯೇ ಇತ್ತು. ಜಾಕಿ ಒಂದೊಂದೇ ಹಲ್ಲು ಏರಿತು. ಬಿಳಿ ಗೀಟು ನಡುವೆ ಮುರಿಯಿತು. ಬಾಗಿಲ ಮೇಲಿನ ತುಂಡು ಒಂದು ಕಡೆ, ಕಂಬದ ಮೇಲಿನ ತುಂಡು ಇನ್ನೊಂದು ಕಡೆ. ನಡುವಿನ ಅಂತರ ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. ಅಷ್ಟು ದಪ್ಪದ ಲೋಹದ ಗಾಡಿ ಕಣ್ಣೆದುರು ಹೀಗೆ ಜರುಗಿದ್ದನ್ನು ನಾನು ಜೀವಮಾನದಲ್ಲಿ ಮೊದಲ ಸಲ ನೋಡಿದೆ.

ಸ್ಪ್ರಿಂಗ್ ಗಡಸಾದ ಮೇಲೆಯೇ ಇದು ಯಾಕೆ ಎದ್ದು ಕಂಡಿತು ಎಂಬುದೂ ಆಗ ಹೊಳೆಯಿತು. ಎರಡು ಸ್ಪ್ರಿಂಗನ್ನು ಒಂದರ ಕೆಳಗೆ ಒಂದು ನೇತುಹಾಕಿ ಜಗ್ಗಿದರೆ ಮೆದುವಾದದ್ದೇ ಹೆಚ್ಚು ಹಿಗ್ಗುತ್ತದೆ. ಕಂಪನಿಯ ಸ್ಪ್ರಿಂಗ್ ಇದ್ದಾಗ ರಸ್ತೆಯ ಏರುಪೇರನ್ನು ಅದೇ ನುಂಗುತ್ತಿತ್ತು. ಕತ್ತರಿಸಿದ ಸ್ಪ್ರಿಂಗು ಗಿಡ್ಡವೂ ಹೌದು, ಗಡಸೂ ಹೌದು. ಆದ್ದರಿಂದ ಹಿಗ್ಗುವ ಸರದಿ ಬಾಡಿಗೆ ಬಂತು. ಸ್ಪ್ರಿಂಗಿನ ಕುಣಿತ ಹಿಡಿಯಲು ಶಾಕ್ ಅಬ್ಸಾರ್ಬರ್ ಇದೆ. ಬಾಡಿಯೆಂಬ ಸ್ಪ್ರಿಂಗಿಗೆ ಅಂಥ ಯಾವುದೂ ಇಲ್ಲ. ನಾನು ಎಷ್ಟೇ ಒಳ್ಳೆಯ ಶಾಕ್ ಅಬ್ಸಾರ್ಬರ್ ಹಾಕಿಸಿದ್ದರೂ ಅದಕ್ಕೆ ತನಗೆ ಸಂಬಂಧಿಸದ ಜಾಗದಲ್ಲಿ ನಡೆಯುವ ಅಲುಗಾಟವನ್ನು ತಡೆಯಲು ಆಗುತ್ತಿರಲಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು, ಏಕೆಂದರೆ ಟಿಂಕರ್ ಅಣ್ಣ ಕಂಡುಕೊಂಡದ್ದನ್ನು ಕಾರು ಕಟ್ಟುವವರು ನೂರು ವರ್ಷದಿಂದ ಮತ್ತೆ ಮತ್ತೆ ಕಂಡುಕೊಳ್ಳುತ್ತಲೇ ಬಂದಿದ್ದಾರೆ.

ಚಾಮರಾಜನಗರದ ಕರಿಕಲ್ಲಿನ ದಿಮ್ಮಿ ಹೊತ್ತ ಲಾರಿ ಕ್ವಾರಿಯ ಮಣ್ಣುದಾರಿಯಿಂದ ಡಾಂಬರಿಗೆ ಹತ್ತುವುದನ್ನು ಗಮನಿಸಿ. ಕ್ಯಾಬಿನ್ನು ಎಡಕ್ಕೆ ವಾಲಿದರೆ ಹಿಂದಿನ ಬಾಡಿ ಬಲಕ್ಕೆ ವಾಲುತ್ತದೆ. ಲಾರಿಯ ಚಾಸಿ ಎಂದರೆ ಎರಡು ಉದ್ದನೆಯ ಸಿ ಆಕಾರದ ಕಬ್ಬಿಣದ ತೊಲೆ, ನಡುವೆ ಅಡ್ಡಪಟ್ಟಿಗಳು. ಅದು ತಿರುಚಿಕೊಳ್ಳಲೆಂದೇ ಹಾಗೆ ಮಾಡಿರುವುದು. ತಿರುಚದಿದ್ದರೆ ಕೆಟ್ಟ ದಾರಿಯಲ್ಲಿ ಒಂದು ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ. ಮೊದಮೊದಲ ಕಾರುಗಳೂ ಹೀಗೆಯೇ ಇದ್ದವು: ಕೆಳಗೆ ಚಾಸಿ, ಮೇಲೆ ಮರದ ಬಾಡಿ.

ಇಟಲಿಯ ವಿನ್ಚೆಂಜೊ ಲಾಂಚಿಯಾ ಫಿಯೆಟ್ ಕಂಪನಿಯ ರೇಸ್ ಡ್ರೈವರ್ ಆಗಿದ್ದವರು. 1906ರಲ್ಲಿ ಸ್ವಂತ ಕಂಪನಿ ಕಟ್ಟಿದರು. ಹಡಗಿನ ಒಡಲು ಅವರ ತಲೆಗೆ ಹೊಕ್ಕಿತು. ಹಡಗಿಗೆ ಬೇರೆ ಚಾಸಿ ಇಲ್ಲ. ಅದರ ಹೊರಗೋಡೆಯೇ ಭಾರ ಹೊರುತ್ತದೆ. ಕಾರಿಗೂ ಯಾಕೆ ಹಾಗೆ ಮಾಡಬಾರದು ಎಂದು ಯೋಚಿಸಿ 1919ರಲ್ಲಿ ಪೇಟೆಂಟ್ ಪಡೆದರು. 1922ರ ಪ್ಯಾರಿಸ್ ಪ್ರದರ್ಶನದಲ್ಲಿ ಲಾಂಚಿಯಾ ಲ್ಯಾಂಬ್ಡಾ ಜನರ ಮುಂದೆ ಬಂತು. ಚಾಸಿಯೂ ಬಾಡಿಯೂ ಒಂದೇ ತಗಡಿನ ಒಡಲು. ಕೆಳಗೆ ಚಾಸಿ ಇಲ್ಲದ್ದರಿಂದ ಕೂರುವ ಜಾಗ ನೆಲಕ್ಕೆ ಹತ್ತಿರ ಇಳಿಯಿತು, ಚಕ್ರಕ್ಕೆ ಶಕ್ತಿ ಒಯ್ಯುವ ದಂಡ ನಡುವಿನ ಸುರಂಗದೊಳಗೆ ಹೋಯಿತು. ಆ ಕಾಲದ ಕಾರುಗಳ ನಡುವೆ ಲ್ಯಾಂಬ್ಡಾ ಎದ್ದು ಕಾಣುವಷ್ಟು ತಗ್ಗು. ಕಾರು ತಗ್ಗಬೇಕಾದರೆ ಒಡಲು ಬಿಗಿಯಾಗಿರಬೇಕು ಎಂಬ ಸಂಬಂಧ ಅಂದೇ ಗೊತ್ತಿತ್ತು. ನಾನು ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದೆ, ಒಡಲಿನ ಕಡೆ ನೋಡಲಿಲ್ಲ.

1934ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಇದೇ ದಾರಿ ಹಿಡಿಯಿತು, ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ನಮ್ಮ ಅಂಬಾಸಿಡರ್, ಪದ್ಮಿನಿ, ಮಾರುತಿ 800, ಕಾಂಟೆಸಾ ಎಲ್ಲವೂ ಒಂದೇ ಒಡಲಿನವು. ಆರ್‌ಸಿ ಪುಸ್ತಕದಲ್ಲಿ ಮಾತ್ರ ಇವತ್ತಿಗೂ ಚಾಸಿ ನಂಬರ್ ಎಂದೇ ಬರೆಯುತ್ತಾರೆ, ಅದಕ್ಕೇ ಎಷ್ಟೋ ಜನ ಕಾರಿನ ಕೆಳಗೆ ಲಾರಿಯಂಥ ಚಾಸಿ ಇದೆ ಎಂದು ನಂಬಿದ್ದಾರೆ. ಇರುವುದು ಒಂದು ಮಿಲಿಮೀಟರಿನ ಆಸುಪಾಸಿನ ತಗಡು.

ಅಷ್ಟು ತೆಳು ತಗಡು ಹೇಗೆ ಭಾರ ತಡೆಯುತ್ತದೆ? ಟಿಂಕರ್ ಅಣ್ಣ ಇದಕ್ಕೆ ಉತ್ತರವಾಗಿ ಶೆಡ್ಡಿನ ಮೂಲೆಯಿಂದ ಎರಡು ಖಾಲಿ ಎಣ್ಣೆ ಡಬ್ಬ ತಂದರು. ಒಂದರ ಮೇಲ್ಭಾಗ ಪೂರ್ತಿ ಕತ್ತರಿಸಿತ್ತು, ಇನ್ನೊಂದು ಮುಚ್ಚಿಯೇ ಇತ್ತು. ಕತ್ತರಿಸಿದ ಡಬ್ಬದ ಬಾಯನ್ನು ಹಿಡಿದು ನಾನು ಸಲೀಸಾಗಿ ಸೊಟ್ಟ ಮಾಡಿದೆ. ಮುಚ್ಚಿದ ಡಬ್ಬ ಜಗ್ಗಲಿಲ್ಲ. ತಗಡು ಎರಡರದ್ದೂ ಒಂದೇ.

ಇದರ ಲೆಕ್ಕವನ್ನು ರುಡಾಲ್ಫ್ ಬ್ರೆಟ್ ಎಂಬ ಜರ್ಮನ್ ಎಂಜಿನಿಯರ್ 1896ರಲ್ಲಿ ಬರೆದಿಟ್ಟಿದ್ದಾರೆ. ಕ್ರೇನ್ ಕಟ್ಟುತ್ತಿದ್ದವರು ಅವರು. ಮುಚ್ಚಿದ ಕೊಳವೆ ತಿರುಚುವಿಕೆಗೆ ಒಡ್ಡುವ ಬಿಗಿ ಅದು ಸುತ್ತುವರಿದ ಜಾಗದ ವಿಸ್ತಾರದ ಮೇಲೆ ನಿಂತಿದೆ. ಕೊಳವೆಯನ್ನು ಉದ್ದಕ್ಕೆ ಸೀಳಿದರೆ ಆ ವಿಸ್ತಾರಕ್ಕೆ ಬೆಲೆ ಇಲ್ಲ, ಬರೀ ತಗಡಿನ ದಪ್ಪ ಉಳಿಯುತ್ತದೆ. ನಾನೇ ಕೂತು ಲೆಕ್ಕ ಹಾಕಿ ನೋಡಿದೆ: 50 ಮಿಲಿಮೀಟರ್ ಹೊರವ್ಯಾಸ, 2 ಮಿಲಿಮೀಟರ್ ದಪ್ಪದ ಪೈಪಿಗೆ ಉದ್ದಕ್ಕೆ ಒಂದೇ ಒಂದು ಸೀಳು ಬಿದ್ದರೆ ಅದರ ಬಿಗಿ 432ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒಂದು ಗ್ರಾಂ ಕಬ್ಬಿಣವೂ ಕಡಿಮೆಯಾಗಿರುವುದಿಲ್ಲ. ಬಿದಿರಿನ ಗಳವನ್ನು ತಿರುಚಲಾಗದ ಕೈ ಸೀಳಿದ ದಬ್ಬೆಯನ್ನು ಹಗ್ಗದಂತೆ ತಿರುಚಿ ಬುಟ್ಟಿ ಹೆಣೆಯುವುದನ್ನು ಬಿಳಿಗಿರಿರಂಗನ ಬೆಟ್ಟದ ಸೀಮೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಕಾರಿನಲ್ಲಿ ಆ ಕೊಳವೆ ಎಲ್ಲಿದೆ? ಬಾಗಿಲ ಕೆಳಗೆ, ನಾವು ಕಾಲಿಟ್ಟು ದಾಟುವ ಹೊಸ್ತಿಲು. ಎರಡೂ ಕಡೆಯ ಹೊಸ್ತಿಲುಗಳು ಟೊಳ್ಳು ಪೆಟ್ಟಿಗೆಗಳು. ಟಿಂಕರ್ ಅಣ್ಣ ನನ್ನ ಕಾರಿನ ಹೊಸ್ತಿಲಿನ ತಳವನ್ನು ಸ್ಕ್ರೂಡ್ರೈವರಿನಿಂದ ಒತ್ತಿದರು. ಒಳಗೆ ಹೋಯಿತು. ನೀರು ನಿಂತು, ತಳದ ಜೋಡಣೆ ಒಂದು ಗೇಣು ಉದ್ದಕ್ಕೆ ತುಕ್ಕು ತಿಂದು ಬಾಯಿ ಬಿಟ್ಟಿತ್ತು. ಮೇಲೆ ಪೇಂಟು ಮಿರಮಿರ ಮಿಂಚುತ್ತಿತ್ತು. ಸೀಳಿದ ಪೈಪಿನ ಲೆಕ್ಕ ನನ್ನ ಕಾರಿನ ಹೊಸ್ತಿಲಲ್ಲೇ ನಡೆಯುತ್ತಿತ್ತು.

ಹೊಸ್ತಿಲು ಸರಿಮಾಡಿದರೆ ಕಂಪನಿಯ ಕಾರಿನಷ್ಟು ಬಿಗಿ ಬರುತ್ತದೆ. ತಗ್ಗಿಸಿದ ಕಾರಿಗೆ ಅಷ್ಟು ಸಾಲದು. ಇದು ಅಮೆರಿಕದವರು ಕಲಿತ ಪಾಠ. 1964ರ ಏಪ್ರಿಲ್ 17ರಂದು ಫೋರ್ಡ್ ಮಸ್ಟಾಂಗ್ ಬಿಡುಗಡೆಯಾಯಿತು. ಅಂಥ ಕಾರುಗಳಲ್ಲಿ ಎಂಜಿನ್ ಹೊರುವ ಮುಂದಿನ ತೊಲೆಗಳು ಡ್ರೈವರ್ ಕಾಲಿನ ಹತ್ತಿರ ಮುಗಿಯುತ್ತವೆ, ಆಕ್ಸಲ್ ಹೊರುವ ಹಿಂದಿನ ತೊಲೆಗಳು ಹಿಂದಿನ ಸೀಟಿನ ಕೆಳಗೆ ಶುರುವಾಗುತ್ತವೆ. ನಡುವೆ ಬರೀ ನೆಲದ ತಗಡು, ಪಕ್ಕಕ್ಕೆ ಹೊಸ್ತಿಲು. ಚಾವಣಿ ಕತ್ತರಿಸಿ ತೆರೆದ ಕಾರು ಮಾಡಿದಾಗ ನಡುವಿನ ಬಡತನ ಕಂಪನಿಗಳಿಗೇ ಕಂಡಿತು. ತೆರೆದ ಮಸ್ಟಾಂಗಿಗೆ ತಳದಲ್ಲಿ ಹೆಚ್ಚುವರಿ ಪೆಟ್ಟಿಗೆಗಳನ್ನು ಬೆಸೆದರು. ಶೆವ್ರೊಲೆಯ ತೆರೆದ ಕಮಾರೊದಲ್ಲಿ ನಾಲ್ಕು ಮೂಲೆಗೂ ಎಣ್ಣೆ ತುಂಬಿದ ಡಬ್ಬದೊಳಗೆ ಸ್ಪ್ರಿಂಗಿನ ಮೇಲೆ ಭಾರ ಕೂರಿಸಿ ನಡುಕ ಹೀರಿಸಿದರು. ಓಟದ ಹುಡುಗರು ದೊಡ್ಡ ಎಂಜಿನ್ ಹಾಕಿದಾಗ ಚಾವಣಿಯಿದ್ದ ಕಾರುಗಳ ಕಂಬದ ಮೂಲೆಯಲ್ಲೂ ತಗಡು ಸುಕ್ಕಾಯಿತು, ನನ್ನ ಕಾರಿನಲ್ಲಿ ಬಿರುಕು ಬಿಟ್ಟ ಅದೇ ಜಾಗ. ಅವರು ಮುಂದಿನ ತೊಲೆಯಿಂದ ಹಿಂದಿನ ತೊಲೆಗೆ ಒಂದೊಂದು ಚೌಕ ಪೈಪು ಬೆಸೆದು ನಡುವಿನ ಕೊರತೆ ತುಂಬಿದರು. ಅದೇ ಸಬ್‌ಫ್ರೇಮ್ ಕನೆಕ್ಟರ್. 1979ರಿಂದ 1993ರವರೆಗಿನ ಮಸ್ಟಾಂಗ್ ಓಡಿಸುವವರಿಗೆ ಅದು ಮೊದಲು ಮಾಡಿಸುವ ಕೆಲಸವಾಗಿಬಿಟ್ಟಿತು.

ನಮ್ಮ ಕಾಂಟೆಸಾಗೆ ಅಂಗಡಿಯಲ್ಲಿ ಅದು ಸಿಗುವುದಿಲ್ಲ, ಕೈಯಲ್ಲೇ ಮಾಡಬೇಕು. ಬೋಲ್ಟು ಹಾಕುವ ಬಗೆಯನ್ನು ಟಿಂಕರ್ ಅಣ್ಣ ಮೊದಲಿಗೇ ಬೇಡ ಅಂದರು. ತೆಳು ತಗಡಿನಲ್ಲಿ ಬೋಲ್ಟಿನ ತೂತು ನಾಲ್ಕು ತಿಂಗಳಿಗೆ ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ, ಆಮೇಲೆ ಅದೇ ಒಂದು ಸದ್ದು. ನೆಲದ ಕೆಳಗೆ ಪೈಪು ನೇತುಬಿಟ್ಟು ಬೆಸೆಯುವುದು ಸುಲಭ, ಆದರೆ ತಗ್ಗಿಸಿದ ಕಾರಿನಲ್ಲಿ ಎರಡಿಂಚು ಕೆಳಗೆ ಇಳಿದ ಪೈಪನ್ನು ಬಂಡೀಪುರದ ಮೊದಲ ಹಂಪ್ಸೇ ಕಿತ್ತುಹಾಕುತ್ತದೆ. ಉಳಿದದ್ದು ಕಷ್ಟದ ದಾರಿ: ನೆಲದ ತಗಡನ್ನು ಉದ್ದಕ್ಕೆ ಸೀಳಿ, ಪೈಪನ್ನು ಅರ್ಧ ಒಳಗೆ ಹೂತು, ಎರಡೂ ಅಂಚನ್ನು ತಗಡಿಗೆ ಬೆಸೆಯುವುದು. ಪೈಪು ನೆಲದ ಜೊತೆ ಉದ್ದಕ್ಕೂ ಒಂದಾಗುತ್ತದೆ, ಕೆಳಗೂ ಹೆಚ್ಚು ಇಳಿಯುವುದಿಲ್ಲ. ಕೆಲಸ ಮೂರು ಪಟ್ಟು. ತಗ್ಗಿಸಿದ ಕಾರಿಗೆ ಇದೊಂದೇ ಸರಿಯಾದ ಆಯ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ.

50 ಮಿಲಿಮೀಟರ್ ಚೌಕದ, 2 ಮಿಲಿಮೀಟರ್ ದಪ್ಪದ ಪೈಪು ತಂದೆವು. ಮೀಟರಿಗೆ ಮೂರು ಕೆ.ಜಿ. ಲೆಕ್ಕದಲ್ಲಿ ಎರಡೂ ಸೇರಿ ಎಂಟು ಕೆ.ಜಿ. ಮೀರಲಿಲ್ಲ. ದಪ್ಪ ಇನ್ನೂ ಹೆಚ್ಚಿರಲಿ ಅಂದೆ. "ಬ್ಯಾಡ. ದಪ್ಪ ಪೈಪಿಗೆ ಕೊಡೋ ಬಿಸಿಗೆ ತೆಳು ತಗಡು ತೂತಾಗೋಯ್ತದ" ಅಂದರು. ಅದೇ ಕಾರಣಕ್ಕೆ ಕಡ್ಡಿ ವೆಲ್ಡಿಂಗ್ ಬಿಟ್ಟು ಸಿಒಟು ವೆಲ್ಡಿಂಗ್ ಹಿಡಿದರು. ಪೈಪಿನ ಎರಡು ತುದಿಗೂ ಅಂಗೈಯಗಲದ ಪಟ್ಟಿ ಕೊಟ್ಟು ಭಾರ ಹರಡಿದರು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಬೆಸುಗೆಗೆ ಮುಂಚಿನ ಕೆಲಸ. ಸೀಟು, ಕಾರ್ಪೆಟ್ಟು, ಪೆಟ್ರೋಲ್ ಟ್ಯಾಂಕು, ಪೈಪುಗಳು ಎಲ್ಲ ಹೊರಗೆ. ಬ್ಯಾಟರಿ ಕಳಚಿದರು. ಮೊದಲು ಹೊಸ್ತಿಲಿನ ತುಕ್ಕು ಕೊಯ್ದು ಹೊಸ ತಗಡು ಕೂರಿಸಿದರು. ಆಮೇಲೆ ಕಾರನ್ನು ಅದರ ಚಕ್ರಗಳ ಮೇಲೆಯೇ, ನಾಲ್ಕು ಸಮ ಎತ್ತರದ ದಿಮ್ಮಿಗಳ ಮೇಲೆ ನಿಲ್ಲಿಸಿದರು. ಲಿಫ್ಟಿಗೆ ನೇತುಹಾಕಿ ಬೆಸೆದರೆ ಎರಡು ತುದಿ ಜೋತುಬಿದ್ದ ಆಕಾರದಲ್ಲೇ ಬಾಡಿ ಶಾಶ್ವತವಾಗಿ ಬೆಸೆದುಹೋಗುತ್ತದೆ, ಆಮೇಲೆ ಯಾವ ಬಾಗಿಲೂ ಸರಿಯಾಗಿ ಕೂರುವುದಿಲ್ಲ. ಮಟ್ಟ ನೋಡಲು ಗಾರೆ ಕೆಲಸದವರ ನೀರಿನ ಟ್ಯೂಬು ಬಂತು. ನಿಖರ ಅಳತೆ ಬೇಕಾದ ದೊಡ್ಡ ಕಾರ್ಖಾನೆಗಳಲ್ಲಿ ಇಂಥ ಕೆಲಸಕ್ಕೆ ಉಜ್ಜಿ ಸಮ ಮಾಡಿದ ಕರಿಕಲ್ಲಿನ ಹಾಸು ಇಟ್ಟುಕೊಳ್ಳುತ್ತಾರೆ. ನಮ್ಮ ಚಾಮರಾಜನಗರದ ನೆಲದಡಿಯ ಕರಿಕಲ್ಲಿನಂಥದ್ದೇ ಡೊಲೆರೈಟ್ ಜಾತಿಯ ಕಲ್ಲು ಅದಕ್ಕೆ ಒದಗುತ್ತದೆ. ಗುಂಡ್ಲುಪೇಟೆಯ ಶೆಡ್ಡಿನಲ್ಲಿ ನೀರು ತುಂಬಿದ ಟ್ಯೂಬು ಆ ಕೆಲಸ ಮಾಡಿತು. ಮುಂದಿನ ಎಡದಿಂದ ಹಿಂದಿನ ಬಲಕ್ಕೆ, ಮುಂದಿನ ಬಲದಿಂದ ಹಿಂದಿನ ಎಡಕ್ಕೆ ಮೂಲೆ ಅಳತೆ ಹಿಡಿದು, ಎರಡೂ ಸಮ ಬಂದ ಮೇಲೆಯೇ ಅವರು ಟಾರ್ಚ್ ಕೈಗೆತ್ತಿಕೊಂಡರು. ಒಂದಿಂಚು ಬೆಸೆದು, ಒಂದು ಗೇಣು ಬಿಟ್ಟು, ಎಡಕ್ಕೊಂದು ಬಲಕ್ಕೊಂದು, ನಡುನಡುವೆ ಬಾಗಿಲು ಮುಚ್ಚಿ ತೆಗೆದು ನೋಡುತ್ತಾ ಮೂರು ದಿನ. ಕೊನೆಗೆ ಪೈಪಿನೊಳಗೆ ತುಕ್ಕು ತಡೆಯುವ ಮೇಣ, ತುದಿಯಲ್ಲಿ ನೀರು ಇಳಿಯಲು ತೂತು.

ಸ್ಪ್ರಿಂಗುಗಳನ್ನೂ ಬದಲಿಸಿದೆ. ಕತ್ತರಿಸಿದ್ದು ತೆಗೆದು, ಅಳತೆ ಕೊಟ್ಟು ಮಾಡಿಸಿದ್ದು ಹಾಕಿಸಿದೆ. ಕಾರು ಒಂದಿಂಚು ಮೇಲೆದ್ದಿತು. ಅದರಿಂದ ನನಗೆ ಬೇಸರವಾಗಿಲ್ಲ.

ಕಾನೂನಿನ ಮಾತನ್ನೂ ಬಿಡುವ ಹಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಬೇರೆಯಾಗುವಂತೆ ಕಾರನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಮತ್ತೆ ಸ್ಪಷ್ಟಪಡಿಸಿತು. ರಸ್ತೆಗೆ ತರುವ ಕಾರಿನಲ್ಲಿ ಏನೇ ಮಾಡಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಬರಹದಲ್ಲಿ ಉತ್ತರ ಪಡೆಯಬೇಕು. ಅಪಘಾತವಾದ ದಿನ ವಿಮೆಯವರು ಮೊದಲು ಕೇಳುವುದು ಆ ಕಾಗದವನ್ನು.

ಕೆಲಸ ಮುಗಿದ ದಿನ ಟಿಂಕರ್ ಅಣ್ಣ ಅದೇ ಜಾಗಕ್ಕೆ, ಅದೇ ಮೂಲೆಗೆ ಜಾಕಿ ಕೊಟ್ಟರು. ಬಾಗಿಲಿನಿಂದ ಕಂಬಕ್ಕೆ ಸೀಮೆಸುಣ್ಣದ ಗೀಟು ಎಳೆದರು. ಹಿಂದಿನ ಚಕ್ರ ನೆಲ ಬಿಟ್ಟಿತು. ಸ್ವಲ್ಪ ಹೊತ್ತಿಗೆ, ನಾವು ಮುಟ್ಟದೆಯೇ, ಅದೇ ಬದಿಯ ಮುಂದಿನ ಚಕ್ರದ ಮೇಲಿನ ಭಾರವೂ ಕಡಿಮೆಯಾಗಿ ಟಯರಿನ ತಳದ ಉಬ್ಬು ಇಳಿದದ್ದು ಕಂಡಿತು. ಹಿಂದೆ ಎತ್ತಿದರೆ ಮುಂದೆಯೂ ಏಳುತ್ತಿತ್ತು. ಗೀಟು ಒಂದೇ ಇತ್ತು. ಬಾಗಿಲು ತೆಗೆದೆ, ಮುಚ್ಚಿದೆ. ಕ್ಲಿಕ್.

ಹಳೆಯ ಕಾರನ್ನು ತಗ್ಗಿಸಬೇಕೆಂದಿರುವವರಲ್ಲಿ ನನ್ನದೊಂದು ಕೋರಿಕೆ. ಸ್ಪ್ರಿಂಗಿನ ಅಂಗಡಿಗೆ ಹೋಗುವ ಮುನ್ನ, ಗಟ್ಟಿ ನೆಲದ ಮೇಲೆ ಕಾರು ನಿಲ್ಲಿಸಿ, ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದಿನ ಒಂದು ಮೂಲೆಗೆ ಜಾಕಿ ಹಾಕಿ. ಅದಕ್ಕೂ ಮೊದಲೇ ನಾಲ್ಕೂ ಬಾಗಿಲಿನ ಅಂಚಿಗೆ ಸೀಮೆಸುಣ್ಣದ ಗೀಟು ಎಳೆದಿರಿ. ಗೀಟು ಎರಡಾದರೆ ಸ್ಪ್ರಿಂಗ್ ಮುಟ್ಟಬೇಡಿ, ಒಬ್ಬ ಒಳ್ಳೆಯ ಟಿಂಕರ್‌ಗೆ ಮೊದಲು ಹೊಸ್ತಿಲು ತೋರಿಸಿ.